ಅಲ್ ಐನಿಗೆ ಸಮುದ್ರ ಇಲ್ಲ

ರೇಮಂಡ್ ಸಲ್ಡಾನಾ ಅವರಿಗೆ ಐಸ್ ಹಾಕಿಯ ಹುಚ್ಚು ಹಿಡಿದದ್ದು ವಾಸನೆಯಿಂದ. ನಗಬೇಡಿ, ವಾಸನೆಯಿಂದಲೇ. ದುಬೈಯ ಒಂದು ದೊಡ್ಡ ಹೋಟೆಲಿನ ಲಾಂಡ್ರಿಯಲ್ಲಿ ಅವರು ಸೂಪರ್‌ವೈಸರ್. ಹೊರಊರಿನ ಹಾಕಿ ಟೀಮುಗಳು ಆ ಹೋಟೆಲಿನಲ್ಲೇ ಇಳಿಯುತ್ತಿದ್ದವು, ಆಟ ಮುಗಿದ ಮೇಲೆ ಅವರ ಜೆರ್ಸಿಗಳು ಚೀಲಗಟ್ಟಲೆ ಕೆಳಗೆ ಬರುತ್ತಿದ್ದವು. ಮಂಜುಗಡ್ಡೆಯ ಮೇಲೆ ಆಡುವವರು ಬೆವರುವುದೇ ಇಲ್ಲ ಎಂದು ನಂಬಿಕೊಂಡಿದ್ದ, ಕರಾವಳಿಯ ಶಿರ್ವದ ಈ ಮನುಷ್ಯ, ಮೊದಲ ಚೀಲದ ಬಾಯಿ ಬಿಚ್ಚಿದವರು ಮೂಗು ಹಿಡಿದು ಹಿಂದಕ್ಕೆ ಹಾರಿದರಂತೆ.

"ಇದೆಂತ ಆಟ ಮಾರಾಯ್ರೆ! ಮಲ್ಪೆ ಬಂದರು ಇದಕ್ಕಿಂತ ಪರಿಮಳ!"

ಆದರೆ ಕೆಲಸ ಕೆಲಸವೇ. ಜೆರ್ಸಿಯ ಮೇಲಿನ ರಕ್ತದ ಕಲೆಗಳನ್ನು ತಣ್ಣೀರಲ್ಲಿ ನೆನೆಸಿ, ಉಜ್ಜಿ, ಹೊಸತರ ಹಾಗೆ ಮಾಡಿ ಕಳಿಸಿದರು. ಟೀಮಿನ ಮ್ಯಾನೇಜರ್ ಖುಷಿಯಾಗಿ ಒಂದು ಟಿಕೆಟ್ ಕೊಟ್ಟ. ಕೊಟ್ಟದ್ದನ್ನು ಬಿಡುವುದು ಯಾಕೆ ಎಂದು ಹೋದರು. ಹೋದವರು ಪೂರ್ತಿ ಮರುಳಾಗಿ ಬಂದರು. ಆ ವೇಗ, ಆ ಗುದ್ದಾಟ, ಅಂಗಣದ ಸುತ್ತಲಿನ ಹಲಗೆಗೆ ಮೈ ಬಡಿಯುವ ಆ ಸದ್ದು! ಅಂದಿನಿಂದ ದುಬೈ ಟೀಮು ಎಂದರೆ ಅವರಿಗೆ ಮನೆಯ ಹಿರಿ ಮಗನ ಹಾಗೆ. ಹೆಂಡತಿ ಎಮಿಲಿಯಾ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ನೋಡಿಕೊಳ್ಳುವವರು, ಮನುಷ್ಯರನ್ನು ಒಂದೇ ನೋಟಕ್ಕೆ ಅಳೆಯುವವರು. "ಈ ವಯಸ್ಸಿಗೆ ಬೇರೆ ಹುಚ್ಚಿಗಿಂತ ಇದು ಅಡ್ಡಿಯಿಲ್ಲ" ಎಂದು ಬಿಟ್ಟುಬಿಟ್ಟರು.

ಅದ್ದು ಬ್ಯಾರಿ ಸಿಕ್ಕಿದ್ದು ಅದೇ ಚಳಿಗಾಲ. ಅಲ್ ಐನ್ ಟೀಮು ದುಬೈಗೆ ಆಡಲು ಬಂದಿತ್ತು. ರೇಮಂಡರ ಹಿಂದಿನ ಸಾಲಿನಲ್ಲಿ ಯಾರೋ ಒಬ್ಬರು ರೆಫ್ರಿಗೆ ಬಯ್ಯುತ್ತಿದ್ದರು, ಅದೂ ಅಚ್ಚ ಮಂಗಳೂರು ಕನ್ನಡದಲ್ಲಿ: "ಕಣ್ಣು ಅಡವಿಟ್ಟು ಬಂದಿದ್ದಾನಾ ಈ ಜನ? ಅದು ಎಂತದ್ರ ಫೌಲು?" ಕೆನಡಾದವರು, ರಷ್ಯಾದವರು, ಅರಬರು ತುಂಬಿದ ಆ ಕ್ರೀಡಾಂಗಣದಲ್ಲಿ ಆ ದನಿ ಕೇಳಿ ರೇಮಂಡರ ಮೈ ಜುಂ ಎಂದಿತು. ತಿರುಗಿ ನೋಡಿದರು. ಬಿಳಿ ಗಡ್ಡ, ತಲೆಗೆ ಉಣ್ಣೆ ಟೊಪ್ಪಿ, ತೊಡೆಯ ನಡುವೆ ಒಂದು ಫ್ಲಾಸ್ಕ್.

"ಎಂತ ಬ್ಯಾರಿಗಳೇ, ಊರು ಎಲ್ಲಿ?"

"ಉಳ್ಳಾಲ. ನೀವು ಪೊರ್ಬುಗಳಾ? ದುಬೈ ಟೀಮಿನ ಅಂಗಿ ಹಾಕ್ಲಿಕ್ಕೆ ನಾಚಿಕೆ ಆಗುದಿಲ್ವಾ ನಿಮ್ಗೆ?"

ನಮ್ಮ ಕಡೆ ಮುಸ್ಲಿಮರು ಬ್ಯಾರಿಗಳು, ಕ್ರಿಸ್ತಾನರು ಪೊರ್ಬುಗಳು. ಗೆಳೆತನ ಶುರುವಾದದ್ದೇ ಬೈಗುಳದಿಂದ. ಅದ್ದು ಬ್ಯಾರಿಗೆ ಅಲ್ ಐನಿನ ಐಸ್ ಅಂಗಣದ, ಅಂದರೆ ರಿಂಕಿನ ಪಕ್ಕದಲ್ಲೇ ಒಂದು ಕೆಫ್ಟೇರಿಯಾ. ಪರೋಟ, ಆಮ್ಲೆಟ್, ಚಾ. ಆಟಗಾರರು ಅಲ್ಲಿಗೇ ಬರುವವರು, ಹಾಗೆ ಇವರಿಗೂ ಹುಚ್ಚು ಅಂಟಿತ್ತು. ಲೀಗಿನಲ್ಲಿ ದುಬೈ, ಅಬುಧಾಬಿ, ಅಲ್ ಐನ್ ಮೂರೂ ಒಂದೇ ಗುಂಪು, ಕೋಸ್ಟ್ ಡಿವಿಷನ್. ಒಂದೇ ಡಿವಿಷನ್ನಿನವರು ಸೀಸನ್ನಿಗೆ ನಾಲ್ಕು ಸಲ ಆಡಬೇಕು, ಎರಡು ಇಲ್ಲಿ, ಎರಡು ಅಲ್ಲಿ. ಹಾಗಾಗಿ ವರ್ಷಕ್ಕೆ ನಾಲ್ಕು ಸಲ ಇವರಿಬ್ಬರೂ ಅಕ್ಕಪಕ್ಕ ಕೂತು ಒಬ್ಬರ ಟೀಮನ್ನು ಇನ್ನೊಬ್ಬರು ಹೀನಾಮಾನ ಬಯ್ದು, ವಿರಾಮದಲ್ಲಿ ಫ್ಲಾಸ್ಕಿನ ಸುಲೈಮಾನಿ, ಹಾಲಿಲ್ಲದ ಚಾ, ಕುಡಿದು ಮನೆಗೆ ಹೋಗುತ್ತಿದ್ದರು. ಯಾರ ಟೀಮು ಹಿಂದೆ ಬಿದ್ದಿದೆಯೋ ಅವರು ಚಾ ಹೊಯ್ಯಬೇಕು, ಅದು ಕಾನೂನು.

ಆಟ ಮುಗಿದು ಹೊರಗೆ ಬಂದಾಗ ಅದ್ದು ಬ್ಯಾರಿ ಯಾವಾಗಲೂ ಒಂದೇ ಮಾತು ಕೇಳುವರು: "ಮತ್ತೆ?"

ರೇಮಂಡರು ಹೇಳುವರು: "ಮತ್ತೆ ಫೆಬ್ರವರಿ, ನಿಮ್ಮಲ್ಲಿ." ಅಥವಾ, "ಮತ್ತೆ ನವೆಂಬರ್, ನಮ್ಮಲ್ಲಿ. ಮುಖ ತೊಳ್ದು ಬನ್ನಿ."

ಅಷ್ಟೇ. ನಮ್ಮ ಕಡೆಯವರ ಬಾಯಲ್ಲಿ ಈ 'ಮತ್ತೆ' ಎಂಬುದು ಎಷ್ಟು ಕೆಲಸ ಮಾಡುತ್ತದೆ ನೋಡಿ. ಸ್ವರ ಮೇಲೆ ಹೋದರೆ 'ಹೇಳಿ, ಇನ್ನೇನು ಸುದ್ದಿ' ಎಂದರ್ಥ. ಸ್ವರ ಕೆಳಗೆ ಇಳಿದರೆ 'ನನ್ನ ಹತ್ತಿರ ಇದ್ದದ್ದು ಖಾಲಿಯಾಯಿತು, ಫೋನು ಇಡುವ' ಎಂದರ್ಥ. ಇವೆರಡೂ ಅಲ್ಲದೆ ಇನ್ನೊಂದು ಉಂಟು. ಅದನ್ನು ಆಮೇಲೆ ಹೇಳುತ್ತೇನೆ.

ಒಮ್ಮೆ ಎಮಿಲಿಯಾ ಕೇಳಿದರು, "ಅಲ್ಲ, ಇಷ್ಟು ವರ್ಷದ ದೋಸ್ತಿ, ಆ ಬ್ಯಾರಿಗಳಿಗೆ ಮಕ್ಕಳೆಷ್ಟು?"

ರೇಮಂಡರು ಕಕ್ಕಾಬಿಕ್ಕಿಯಾದರು. ಅಲ್ ಐನ್ ಗೋಲ್‌ಕೀಪರನ ಎಡಗೈ ಸ್ವಲ್ಪ ನಿಧಾನ ಎಂಬ ವಿಷಯದಲ್ಲಿ ಅದ್ದು ಬ್ಯಾರಿಯ ಅಭಿಪ್ರಾಯ ಏನೆಂದು ಅವರಿಗೆ ಗೊತ್ತು. ಮಕ್ಕಳ ವಿಷಯ ಗೊತ್ತಿಲ್ಲ. ಹೆಂಡತಿಯ ಹೆಸರು ಆಮಿನ, ಊರಲ್ಲಿದ್ದಾರೆ ಎಂಬುದು ಮಾತಿನ ನಡುವೆ ಹೇಗೋ ಬಿದ್ದಿತ್ತು. ಗಂಡಸರ ಗೆಳೆತನವೇ ಹಾಗೆ, ನಡುವೆ ಏನಾದರೊಂದು ವಸ್ತು ಬೇಕು, ಇಬ್ಬರೂ ಅದನ್ನೇ ನೋಡುತ್ತಾ ಕೂತಿರಬೇಕು.

ಹೀಗಿರುವಾಗ ಲೀಗಿನವರಿಗೆ ಹೊಸ ಬುದ್ಧಿ ಬಂತು. ಡಿವಿಷನ್ನುಗಳನ್ನು ಬದಲಿಸಬೇಕಂತೆ. ಕುವೈತ್, ರಿಯಾದ್, ದೋಹಾದ ಕಡೆಯ ಡಿವಿಷನ್ನಿನಲ್ಲಿ ಒಂದು ಟೀಮು ಮುಚ್ಚಿಹೋಗಿ ಜಾಗ ಖಾಲಿಯಾಗಿತ್ತು. ಅದನ್ನು ತುಂಬಲು ಅಲ್ ಐನನ್ನು ಅಲ್ಲಿಗೆ ದಾಟಿಸುವುದು, ಅದಕ್ಕೆ ಡೆಸರ್ಟ್ ಡಿವಿಷನ್ ಎಂದು ಹೆಸರಿಡುವುದು. ಬೇರೆ ಬೇರೆ ಡಿವಿಷನ್ನಿನವರು ಸೀಸನ್ನಿಗೆ ಒಂದೇ ಸಲ ಆಡುವುದು. ಅಂದರೆ ದುಬೈಗೂ ಅಲ್ ಐನಿಗೂ ವರ್ಷಕ್ಕೆ ಒಂದೇ ಮ್ಯಾಚು.

ಅಭಿಮಾನಿಗಳ ಅಭಿಪ್ರಾಯ ಕೇಳಲು ದುಬೈಯಲ್ಲಿ ಒಂದು ಸಭೆ ಕರೆದರು. ರೇಮಂಡರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿ ಮುಂದಿನ ಸಾಲಿನಲ್ಲೇ ಕೂತರು. ಪರದೆಯ ಮೇಲೆ ದೊಡ್ಡ ನಕ್ಷೆ. ಕೋಟು ಹಾಕಿದ ಅಧಿಕಾರಿಯೊಬ್ಬ ಅದರ ಮೇಲೆ ಕೆಂಪು ದೀಪ ಓಡಿಸುತ್ತಾ ಸಮತೋಲನ, ಟಿವಿ ಸಮಯ, ಬಲಿಷ್ಠ ಟೀಮುಗಳ ಹಂಚಿಕೆ ಎಂದೆಲ್ಲ ವಿವರಿಸಿದ. ಕೊನೆಗೆ ನಗುತ್ತಾ ಹೇಳಿದ: "ಎಷ್ಟೆಂದರೂ ಅಲ್ ಐನಿಗೆ ಸಮುದ್ರ ಇಲ್ಲ, ಅದು ಕೋಸ್ಟ್ ಡಿವಿಷನ್ನಿನಲ್ಲಿ ಇರುವುದೇ ತಮಾಷೆ."

ಸಭೆ ನಕ್ಕಿತು. ರೇಮಂಡರಿಗೆ ಮಂಡೆ ಬೆಚ್ಚಗಾಯಿತು. ಎದ್ದು ನಿಂತರು.

"ಸರ್, ಕುವೈತಿಗೆ ಸಮುದ್ರ ಇಲ್ಲವೇ? ದೋಹಾಕ್ಕೆ ಇಲ್ಲವೇ?" ಎಂದು ತಮ್ಮ ಹೋಟೆಲ್ ಇಂಗ್ಲಿಷಿನಲ್ಲಿ ಶುರು ಮಾಡಿದರು. "ಹೆಸರಿನಲ್ಲಿ ಏನೂ ಇಲ್ಲ ಸರ್. ಸಂಜೆ ಬಸ್ಸು ಹತ್ತಿ ಹೋಗಿ, ಮ್ಯಾಚು ನೋಡಿ, ಬೆಳಿಗ್ಗೆ ಡ್ಯೂಟಿಗೆ ವಾಪಸ್ ಬರಲು ಎಷ್ಟು ದೂರ ಆಗುತ್ತದೋ ಅಷ್ಟೇ ಒಂದು ಡಿವಿಷನ್. ಅದಕ್ಕಿಂತ ಆಚೆ ಇರುವವರನ್ನು ನಾವು ಬಯ್ಯುವುದು ಹೇಗೆ? ನಾಲ್ಕು ಸಲ ನೋಡಿದವರ ಮೇಲೆ ಸಿಟ್ಟು ಬರುತ್ತದೆ ಸರ್. ವರ್ಷಕ್ಕೊಂದು ಸಲ ಬರುವವರು ನೆಂಟರು. ನೆಂಟರ ಮೇಲೆ ಯಾರಾದರೂ ಸಿಟ್ಟು ಮಾಡುತ್ತಾರಾ? ಸಿಟ್ಟಿಲ್ಲದೆ ಹಾಕಿ ಉಂಟಾ?"

ಜನ ಚಪ್ಪಾಳೆ ತಟ್ಟಿದರು. ಅಧಿಕಾರಿ ಎದೆಗೆ ಕೈಯಿಟ್ಟು, "ಇಂಥ ಅಭಿಮಾನಿಗಳೇ ನಮ್ಮ ಆಸ್ತಿ" ಎಂದ. ಅಲ್ಲಿಗೆ ಖಲಾಸ್. ನಿರ್ಧಾರ ಮೊದಲೇ ಆಗಿತ್ತು ಎಂಬುದು ಆ ಮಾತಿನಲ್ಲೇ ತಿಳಿಯುತ್ತಿತ್ತು. ಹೊರಡುವಾಗ ಎಲ್ಲರಿಗೂ ಒಂದೊಂದು ಕೀ ಚೈನು ಕೊಟ್ಟರು. ದರಿದ್ರದ್ದು, ಕೀ ಚೈನು!

ಹೇಳಬೇಕಾದದ್ದನ್ನು ರೇಮಂಡರು ಹೇಳಿಯೇ ಇರಲಿಲ್ಲ. ಅಲ್ ಐನಿನಲ್ಲಿ ನನಗೊಬ್ಬ ಮನುಷ್ಯ ಇದ್ದಾನೆ ಸರ್, ಈ ಮರಳುಗಾಡಿನಲ್ಲಿ ನನ್ನ ಹೆಸರು ಹಿಡಿದು ಬಯ್ಯುವವನು ಅವನೊಬ್ಬನೇ ಎಂದು ಹೇಳಬೇಕಿತ್ತು. ಕೋಟು ಹಾಕಿದವರ ಎದುರು ಅದನ್ನೆಲ್ಲ ಹೇಳುವುದು ಹೇಗೆ? ಅದ್ದು ಬ್ಯಾರಿಯ ಎದುರಾದರೂ ಎಂದಾದರೂ ಹೇಳಿದ್ದರೇ?

ಅದೇ ಸಂಜೆ ಫೋನು ಮಾಡಿದರು. "ಕುವೈತಿಗೆ ಸಮುದ್ರ ಉಂಟು ಅಂತ ಹೇಳಿದೆ, ಬ್ಯಾರಿಗಳೇ."

ಅದ್ದು ಬ್ಯಾರಿ ನಕ್ಕರು. ನಕ್ಕೂ ನಕ್ಕೂ ಕೆಮ್ಮಿದರು, ಕೆಮ್ಮು ನಿಲ್ಲಲು ಸುಮಾರು ಹೊತ್ತು ಹಿಡಿಯಿತು. "ಉಳ್ಳಾಲದವನನ್ನು ಮರುಭೂಮಿಗೆ ಹಾಕಿದ್ರಲ್ಲ ಪೊರ್ಬುಗಳೇ, ಇವರಿಗೆ ಒಳ್ಳೇದಾಗ್ತದಾ?"

"ಮಾತ್ರೆ ತಕ್ಕೊಳ್ಳಿ, ಕೆಮ್ಮು ಜೋರುಂಟು" ಎಂದರು ರೇಮಂಡರು. ಅದೊಂದೇ ಅವರು ಕೇಳಿದ ಆರೋಗ್ಯದ ವಿಚಾರ.

ಹೊಸ ಸೀಸನ್ ಶುರುವಾಯಿತು. ಅಲ್ ಐನಿನ ಜೊತೆ ದುಬೈಯ ಒಂದೇ ಒಂದು ಮ್ಯಾಚು ಮಾರ್ಚಿನಲ್ಲಿ, ಅಲ್ ಐನಿನಲ್ಲಿ. ಅಲ್ಲಿಯ ತನಕ ಎಂತ ಮಾಡುವುದು? ಇಬ್ಬರೂ ಫೋನಿನಲ್ಲಿ ಸುಧಾರಿಸಲು ನೋಡಿದರು. ಅದ್ದು ಬ್ಯಾರಿ ರಿಯಾದಿನವರ ಆಟ ವರ್ಣಿಸಿದರೆ ರೇಮಂಡರಿಗೆ ಆ ಆಟಗಾರರ ಗುರುತಿಲ್ಲ. ರೇಮಂಡರು ಅಬುಧಾಬಿಯವರನ್ನು ಬಯ್ದರೆ ಅದ್ದು ಬ್ಯಾರಿಗೆ ಅದರಲ್ಲಿ ಪಾಲಿಲ್ಲ. ಪರಸ್ಪರ ಬಯ್ಯಲು ಕಾರಣವೇ ಉಳಿಯಲಿಲ್ಲ. ಊಟ ಆಯ್ತಾ, ಆಯ್ತು. ಸೆಕೆ ಕಮ್ಮಿಯಾ, ಕಮ್ಮಿ. ಮತ್ತೆ? ಮತ್ತೆ ಎಂತ ಇಲ್ಲ.

"ಒಮ್ಮೆ ಹೋಗಿ ಬನ್ನಿ" ಎಂದರು ಎಮಿಲಿಯಾ. "ಘುಬೈಬ ಬಸ್ ಸ್ಟ್ಯಾಂಡಿನಿಂದ ಅಲ್ ಐನಿಗೆ ಬಸ್ಸು ಉಂಟಲ್ಲ?"

"ಮ್ಯಾಚಿಲ್ಲದೆ ಎಂತ ಹೇಳಿ ಹೋಗುದು?"

"ಮನುಷ್ಯರನ್ನು ನೋಡ್ಲಿಕ್ಕೆ ಮ್ಯಾಚು ಬೇಕಾ ನಿಮ್ಗೆ?"

ಬೇಕಿತ್ತು. ಅದೇ ಸಂಕಟ. ಸುಮ್ಮನೆ ಹೋಗಿ ಎದುರು ನಿಂತು 'ನೋಡಿ ಹೋಗುವ ಅಂತ ಬಂದೆ' ಎನ್ನುವುದು ರೇಮಂಡರಿಂದ ಈ ಜನ್ಮದಲ್ಲಿ ಆಗುವ ಮಾತಲ್ಲ.

ಡಿಸೆಂಬರಿನ ಒಂದು ಮಧ್ಯಾಹ್ನ, ಹೋಟೆಲಿನಲ್ಲಿ ಕ್ರಿಸ್ಮಸ್ ಔತಣಗಳ ಗದ್ದಲ, ಮೇಜುಬಟ್ಟೆಗಳ ರಾಶಿ ಎದೆಮಟ್ಟ ಬಿದ್ದಿತ್ತು. ಡ್ರೈಯರುಗಳು ಗುಡುಗುಡು ಎನ್ನುತ್ತಿದ್ದವು. ಅದ್ದು ಬ್ಯಾರಿಯ ಫೋನು ಬಂತು.

"ಎಂತ ಪೊರ್ಬುಗಳೇ, ಕೆಲಸವಾ?"

"ಸಾಯ್ಲಿಕ್ಕೆ ಪುರುಸೊತ್ತಿಲ್ಲ ಬ್ಯಾರಿಗಳೇ. ನೀವು ಹೇಳಿ."

"ಎಂತ ಇಲ್ಲ. ಹಾಗೇ ಮಾಡಿದೆ. ನಿಮ್ಮವರು ಮೊನ್ನೆ ಗೆದ್ದರಂತೆ."

"ಗೆದ್ದರು. ನಿಮ್ಮವರು?"

"ಸೋತರು." ಸ್ವಲ್ಪ ಹೊತ್ತು ಬರೀ ಉಸಿರು. ಆಮೇಲೆ ಅದ್ದು ಬ್ಯಾರಿ ಅಂದರು: "ಮತ್ತೇ..."

ರೇಮಂಡರ ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಒದ್ದೆ ಬಟ್ಟೆ. "ಸರಿ ಹಾಗಾದ್ರೆ, ಇಡ್ತೇನೆ. ಮಾರ್ಚಿನಲ್ಲಿ ಸಿಗುವ" ಎಂದರು.

"ಆಯ್ತಾಯ್ತು. ಸಿಗುವ, ಸಿಗುವ" ಎಂದಿತು ಆ ಕಡೆಯ ದನಿ.

ಆಮೇಲೆ ಫೋನು ಬರಲಿಲ್ಲ. ಹೊಸವರ್ಷದ ದಿನ ರೇಮಂಡರು ಒಮ್ಮೆ ಮಾಡಿದರು, ಹತ್ತಲಿಲ್ಲ. ಅಂಗಡಿಯಲ್ಲಿ ಜನ ಇರಬೇಕು ಎಂದುಕೊಂಡರು. ಮಾರ್ಚು ಹೇಗೂ ಬರುತ್ತದೆ ಎಂದುಕೊಂಡರು.

ಮಾರ್ಚು ಬಂತು. ಅಂದು ಬಸ್ಸಿನಲ್ಲಿ ಕೂತ ರೇಮಂಡರ ಮುಖ ನೋಡಬೇಕಿತ್ತು, ಹಬ್ಬಕ್ಕೆ ಹೊರಟ ಮಕ್ಕಳ ಕಳೆ. ವರ್ಷವಿಡೀ ಕೂಡಿಟ್ಟ ಬೈಗುಳಗಳನ್ನು ಬಾಯಲ್ಲೇ ಜೋಡಿಸಿಕೊಳ್ಳುತ್ತಾ ಹೋದರು. ಎಮಿಲಿಯಾ ಈ ಸಲ ಒತ್ತಾಯ ಮಾಡಿ ಒಂದು ಡಬ್ಬಿ ರೋಸ್ ಕುಕ್ಕೀಸ್ ಕೊಟ್ಟಿದ್ದರು. "ಮಕ್ಕಳೆಷ್ಟು ಅಂತ ಕೇಳಿ ಬನ್ನಿ" ಎಂದೂ ಹೇಳಿದ್ದರು. ಅಲ್ ಐನಿನಲ್ಲಿ ಇಳಿದು ನೇರ ಕೆಫ್ಟೇರಿಯಾಕ್ಕೆ ನಡೆದರು. ಗಲ್ಲಾದಲ್ಲಿ ಅದ್ದು ಬ್ಯಾರಿ ಇರಲಿಲ್ಲ, ತಂಗಿಯ ಮಗ ಶಾನವಾಝ್ ಕೂತಿದ್ದ. ಮೀಸೆ ಹಣ್ಣಾಗತೊಡಗಿದ, ಮಾಮನದೇ ಮೂಗಿನ ಮನುಷ್ಯ.

"ಎಲ್ಲಿ ನಿಮ್ಮ ಮಾಮ? ನನ್ನ ಮುಖ ನೋಡ್ಲಿಕ್ಕೆ ಹೆದರಿ ಓಡಿದ್ರಾ?"

ಶಾನವಾಝ್ ಎದ್ದು ನಿಂತ. "ಮಾಮ ಹೋದ್ರು ಅಂಕಲ್."

"ಊರಿಗಾ?"

"ಊರಿಗೆ ಡಿಸೆಂಬರಿನಲ್ಲೇ ಹೋದದ್ದಲ್ವಾ, ಆಪರೇಷನಿಗೆ. ಅದು ನಿಮ್ಗೆ ಗೊತ್ತಲ್ಲ. ಜನವರಿಯಲ್ಲಿ... ಪುಪ್ಪುಸ ಪೂರ್ತಿ ಹೋಗಿತ್ತು. ಎದ್ದೇಳ್ಲಿಲ್ಲ ಅಂಕಲ್."

ರೇಮಂಡರು ಅಲ್ಲೇ ಇದ್ದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಶಾನವಾಝ್ ನೀರು ತಂದಿಟ್ಟ. ಅವನ ಮಾತಿನಲ್ಲಿ ಮರ್ಯಾದೆ ಇತ್ತು, ಅದರ ಕೆಳಗೆ ಒಂದು ನೋವೂ ಇತ್ತು.

"ಹೊರಡುವ ಮೊದಲು ನಾನೇ ಕೇಳಿದ್ದೆ ಅಂಕಲ್, ಪೊರ್ಬುಗಳಿಗೆ ಹೇಳಿದ್ರಾ ಅಂತ. ಹೇಳಿದೆ ಮಾರಾಯಾ, ಪೊರ್ಬುಗಳು ಫೋನಿನಲ್ಲೇ ಅತ್ತುಬಿಟ್ರು, ಭಾರಿ ಹೊತ್ತು ಮಾತಾಡಿದ್ರು ಅಂದ್ರು. ನಿಮ್ಮ ವಿಷಯ ಹೇಳುವಾಗ ಅವರಿಗೆ ಒಂದು ಖುಷಿ. ಆಮೇಲೆ ಮಾಮಿ ಕಾದ್ರು, ನೀವು ಒಂದು ಫೋನಾದರೂ ಮಾಡ್ತೀರಿ ಅಂತ. ನಮ್ಮತ್ರ ನಿಮ್ಮ ನಂಬರ್ ಇರ್ಲಿಲ್ಲ, ಮಾಮನ ಫೋನಿನ ಲಾಕ್ ತೆಗಿಲಿಕ್ಕೆ ಯಾರಿಗೂ ಗೊತ್ತಾಗ್ಲಿಲ್ಲ."

ಆಗ ರೇಮಂಡರಿಗೆ ಡ್ರೈಯರಿನ ಸದ್ದಿನ ನಡುವೆ ಕೇಳಿದ ಆ ಮಾತು ನೆನಪಾಯಿತು. 'ಮತ್ತೇ...' ಸ್ವರ ಮೇಲೆ ಹೋಗಿರಲಿಲ್ಲ, ಕೆಳಗೂ ಇಳಿದಿರಲಿಲ್ಲ, ಎಳೆದುಕೊಂಡು ನಿಂತಿತ್ತು. ಮೂರನೆಯ 'ಮತ್ತೆ' ಅದೇ. ಗಂಟಲಲ್ಲಿ ಒಂದು ದೊಡ್ಡ ವಿಷಯ ಸಿಕ್ಕಿಕೊಂಡಿದೆ, ಸ್ವಲ್ಪ ತಾಳು, ತೆಗೆಯುತ್ತೇನೆ ಎನ್ನುವ 'ಮತ್ತೆ'. ನಮ್ಮ ಕರಾವಳಿಯ ಮಕ್ಕಳಿಗೂ ಅದರ ಗುರುತುಂಟು. ರೇಮಂಡರಿಗೂ ಇತ್ತು. ಆದರೆ ಆ ದಿನ ಅವರು ಅದನ್ನು ಎರಡನೆಯದು ಎಂದು ತಿಳಿದು ಫೋನು ಇಟ್ಟಿದ್ದರು. ಸಾಯಲು ಪುರುಸೊತ್ತಿಲ್ಲ ಎಂದು ಬೇರೆ ಹೇಳಿದ್ದರು, ಪುಣ್ಯಾತ್ಮ!

ರಿಂಕಿನಲ್ಲಿ ಅಕ್ಕಪಕ್ಕ ಕೂತಿದ್ದರೆ ಹೀಗಾಗುತ್ತಿತ್ತೇ? ನವೆಂಬರಿನಲ್ಲೊಂದು, ಡಿಸೆಂಬರಿನಲ್ಲೊಂದು ಮ್ಯಾಚು ಇದ್ದಿದ್ದರೆ ಆ ಕೆಮ್ಮು ಕಿವಿಯ ಪಕ್ಕದಲ್ಲೇ ಕೇಳುತ್ತಿತ್ತು. ಚಾ ಹೊಯ್ಯುವ ಕೈ ನಡುಗುವುದು ಕಾಣುತ್ತಿತ್ತು. ಹಾಗೆಂದು ಲೀಗಿನವರಿಗೆ ಶಾಪ ಹಾಕಲು ಹೊರಟರೆ, ಎಮಿಲಿಯಾ ಹೇಳಿದ ಬಸ್ಸು ನೆನಪಾಗಿ ಶಾಪ ಬಾಯಲ್ಲೇ ಉಳಿಯಿತು.

ನನಗೆ ಅವರು ಹೇಳಲೇ ಇಲ್ಲ ಎಂದು ಈಗ ಹೇಳಿಬಿಡಬಹುದಿತ್ತು. ಹೇಳಿದರೆ ತಮ್ಮ ಮೇಲಿನ ದೂರು ತೀರುತ್ತಿತ್ತು. ಆದರೆ ಅದ್ದು ಬ್ಯಾರಿ ಸುಳ್ಳು ಹೇಳಿದರು ಎಂದಾಗುತ್ತಿತ್ತು. ತಾನು ಹೋಗುತ್ತೇನೆ ಎಂದರೆ ಅಳುವ ಒಬ್ಬ ಸ್ನೇಹಿತ ತನಗಿದ್ದಾನೆ ಎಂದು ಮನೆಯವರ ಎದುರು ಹೇಳಿಕೊಳ್ಳಲು ಆ ಮುದುಕ ಕಟ್ಟಿದ ಸುಳ್ಳು ಅದು.

"ಹೌದು ಶಾನವಾಝ್" ಎಂದರು ರೇಮಂಡರು. "ಹೇಳಿದ್ರು. ನಾನೇ ಫೋನು ಮಾಡ್ಲಿಲ್ಲ. ತಪ್ಪಾಯ್ತು."

ಶಾನವಾಝ್ ಒಳಗೆ ಹೋಗಿ ಹಳೆಯ ಫ್ಲಾಸ್ಕಿಗೆ ಸುಲೈಮಾನಿ ತುಂಬಿ ತಂದ. "ಮ್ಯಾಚು ಬಿಡ್ಬೇಡಿ ಅಂಕಲ್. ಮಾಮನಿಗೆ ಅದು ಸರಿ ಬರ್ಲಿಕ್ಕಿಲ್ಲ. ನಿಮ್ಮ ನಂಬರ್ ಒಂದು ಕೊಟ್ಟು ಹೋಗಿ."

ರೇಮಂಡರು ಹೋಗಿ ಕೂತರು. ಎಡಪಕ್ಕದ ಸೀಟಿನ ಮೇಲೆ ಫ್ಲಾಸ್ಕನ್ನೂ ಕುಕ್ಕೀಸಿನ ಡಬ್ಬಿಯನ್ನೂ ಇಟ್ಟರು. ದುಬೈಯವರು ಒಂದು ಗೋಲು ಹೊಡೆದರು. ಅಲ್ ಐನಿನ ಗೋಲ್‌ಕೀಪರ್ ಎಡಗೈ ಎತ್ತುವುದು ಈಗಲೂ ನಿಧಾನವೇ. ಅದನ್ನು ಯಾರಿಗೆ ಹೇಳುವುದು? ಮೊದಲ ವಿರಾಮ ಬಂತು. ಐಸಿನ ಗೀರುಗಳನ್ನು ಅಳಿಸುವ ಗಾಡಿ ಒಳಗೆ ಬಂದು ನಿಧಾನ ಸುತ್ತತೊಡಗಿತು. ಹಿಂದೆ ಬಿದ್ದವರು ಅಲ್ ಐನಿನವರು, ಚಾ ಹೊಯ್ಯಬೇಕಾದವರು ಅದ್ದು ಬ್ಯಾರಿ. ರೇಮಂಡರು ಫ್ಲಾಸ್ಕಿನ ಮುಚ್ಚಳ ತೆಗೆಯದೆ ಕೂತರು.

ಫೋನು ಬಡಿಯಿತು. ಊರಿನ ನಂಬರು.

"ರೇಮಂಡ್ ಪೊರ್ಬುಗಳಾ? ನಾನು ಆಮಿನ. ಅದ್ದು ಬ್ಯಾರಿಗಳ ಮನೆಯಿಂದ. ಶಾನವಾಝ್ ನಂಬರ್ ಕೊಟ್ಟ."

"ಹೇಳಿ ಆಮಿನಕ್ಕ." ಇವರ ದನಿ ಒಡೆದಿತ್ತು. "ನಾನು ಫೋನು ಮಾಡ್ಬೇಕಿತ್ತು. ಮಾಡ್ಲಿಲ್ಲ."

"ಅದು ಇರ್ಲಿ. ಬಯ್ಲಿಕ್ಕೆ ಮಾಡಿದ್ದಲ್ಲ ನಾನು." ಆಕೆ ಮೂಗು ಎಳೆದುಕೊಂಡದ್ದು ಕೇಳಿತು. "ನಂಗೊಂದು ಕೇಳ್ಬೇಕಿತ್ತು. ನನ್ನತ್ರ ಅವರು ಎಂತದೂ ಹೇಳ್ಲಿಲ್ಲ. ಹೆದರಿಕೆ ಆಗ್ತದಾ ಅಂದ್ರೆ ಸುಮ್ಮನೆ ನಗುದು. ಮಕ್ಕಳತ್ರವೂ ಹೇಳ್ಲಿಲ್ಲ. ನಿಮ್ಮತ್ರ ಮಾತ್ರ ಮನಸ್ಸು ಬಿಚ್ಚಿ ಮಾತಾಡಿದೆ ಅಂದ್ರು. ಎಂತ ಹೇಳಿದ್ರು ಪೊರ್ಬುಗಳೇ? ಗುಟ್ಟಿನದ್ದಾದ್ರೆ ಬೇಡ. ನಂಗೆ ಕೇಳುವಂಥದ್ದು ಇದ್ರೆ ಒಂದು ಚೂರು ಹೇಳಿ."

ಗಾಡಿ ಒಂದು ಸುತ್ತು ಮುಗಿಸಿ ತಿರುಗಿತು. ರೇಮಂಡರು ಬಾಯಿ ತೆರೆದರು. ಏನಾದರೊಂದು ಕಟ್ಟಿ ಹೇಳಬಹುದಿತ್ತು. ನಿಮ್ಮನ್ನು ನೆನೆಸಿಕೊಂಡರು, ಹೆದರಿಕೆ ಇಲ್ಲ ಅಂದರು ಎಂದರೆ ಆಕೆ ನಂಬುತ್ತಿದ್ದರು. ಆದರೆ ಸತ್ತವನ ಬಾಯಿಗೆ ಆಡದ ಮಾತು ತುಂಬಲು ನಾಲಿಗೆ ಏಳಲಿಲ್ಲ. ಅವರ ಹತ್ತಿರ ಇದ್ದದ್ದು ಒಂದೇ ಮಾತು.

"ಮತ್ತೆ ಅಂದ್ರು, ಆಮಿನಕ್ಕ."

ಆಮಿನ ಮುಂದಿನದು ಬರುತ್ತದೆ ಎಂದು ಕಾದರು.

"ಹಾಂ... ಮತ್ತೆ?"

ಈ ಸಲ ರೇಮಂಡರು ಫೋನು ಇಡಲಿಲ್ಲ. ಹೇಳಲು ಏನೂ ಇಲ್ಲದೆ ಅದನ್ನು ಕಿವಿಗೆ ಒತ್ತಿಕೊಂಡು, ಅಷ್ಟು ಜನರ ನಡುವೆ, ದನಿ ತೆಗೆದು ಅತ್ತರು.